ಹುಲಿಗೆಮ್ಮ ಕೇಳಿದ್ದು

ಮಸ್ಕಿ, ಜುಲೈ 14, ಸೋಮವಾರ

ಸಿಂಧನೂರಿನ ನಾಯಕತ್ವ ತರಬೇತಿಯಲ್ಲಿ ಬದುಕಿನ ಗುರಿಯನ್ನು ಒಂದೇ ಸಾಲಿನಲ್ಲಿ ಬರೆಯಲು ಹೇಳಿದರು. ‘ಆಶಾ ಕಾರ್ಯಕರ್ತೆಯರ ದನಿಯಾಗುವುದು’ ಎಂದು ಬರೆದೆ. ಸಂಘದ ಅಧ್ಯಕ್ಷೆ ಇನ್ನೇನು ಬರೆದಾಳು? ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗೆ ನಮ್ಮ ಸಂಘದ ಸದಸ್ಯೆ, ತುರ್ವಿಹಾಳದ ಹುಲಿಗೆಮ್ಮ ತಡೆದಳು.

“ಅಕ್ಕಾ, ನನಗ ಕೆಲಸದಿಂದ ತಗದ ದಿನ ನಾಕು ಸಲ ಫೋನ್ ಹಚ್ಚೀನ್ರಿ. ಯಾಕ ಎತ್ತಲಿಲ್ಲ?”

“ಮೀಟಿಂಗಿನ್ಯಾಗ ಇದ್ದೆ ಬೇ,” ಎಂದೆ.

ಬಸ್ಸಿನಲ್ಲಿ ಉದ್ದಕ್ಕೂ ಒಂದೇ ಗುಮಾನಿ. ಸಂಘದ ಚುನಾವಣೆ ಹತ್ತಿರವಿದೆ. ನನ್ನೆದುರು ನಿಲ್ಲುವ ಭಾರತಿಯೇ ಇವಳನ್ನು ಛೂ ಬಿಟ್ಟಿರಬೇಕು. ಆದರೆ ಅವಳು ಫೋನ್ ಮಾಡಿದ ದಿನ ಯಾವ ಮೀಟಿಂಗೂ ಇರಲಿಲ್ಲ. ಅವಳನ್ನು ತೆಗೆದ ಅಧಿಕಾರಿಯ ಮುಂದೆಯೇ ಚಹಾ ಕುಡಿಯುತ್ತಿದ್ದೆ. ಅವಳ ಹೆಸರು ಕಂಡು ಫೋನನ್ನು ಬೋರಲು ಹಾಕಿದ್ದೆ.

ನಾಳೆ ಅವಳನ್ನು ಕರೆದುಕೊಂಡು ಆ ಅಧಿಕಾರಿಯ ಹತ್ತಿರ ಹೋಗುತ್ತೇನೆ. ಹೋಗುವುದು ಅವಳಿಗಾಗಿಯೋ, ಅವಳ ಓಟಿಗಾಗಿಯೋ? ನನಗೇ ನನ್ನ ಮೇಲೆ ನಂಬಿಕೆಯಿಲ್ಲ.