ಎಲ್ಲೆಗಲ್ಲಿನಾಚೆಯ ದಾರಿ

ಅಪ್ಪ,

ಇವತ್ತು ಇತಿಹಾಸ ಕೂಟದವರನ್ನು ಬ್ಲೀಗಿಲ್ ಗುಡ್ಡಬಯಲಿಗೆ ಕರೆದೊಯ್ದಿದ್ದೆ. ನಾನು ಅಚ್ಚು ಹಾಕಿಸಿದ ನಕ್ಷೆ ಎಲ್ಲರ ಕೈಯಲ್ಲೂ ಇತ್ತು. ಹಿಂದಿನವರು ಉರುವಲಿಗೆ ಪೀಟ್ ಮಣ್ಣು ಕಡಿದು ಸಾಗಿಸುತ್ತಿದ್ದ ದಾರಿಯ ಕಥೆ ಹೇಳುತ್ತಿದ್ದೆ.

ಡೋರ್ಕಸ್ ಅಜ್ಜಿ ನಕ್ಷೆ ಹಿಡಿದು ಮುಂದೆ ನಡೆದವರು, ಎಲ್ಲೆಗಲ್ಲು ದಾಟುತ್ತಲೇ ಸೊಂಟದವರೆಗೆ ಜೌಗು ಕೆಸರಿನಲ್ಲಿ ಹೂತುಹೋದರು.

"ಅಯ್ಯೋ, ಕಾಲಿಗೆ ನೆಲವೇ ಸಿಗ್ತಿಲ್ಲ ಕಣೇ!"

ಕೋಟುಗಳನ್ನು ಗಂಟುಹಾಕಿ ಎಳೆಯಲು ಅರ್ಧ ಗಂಟೆ ಹಿಡಿಯಿತು. ಈಗ ಆಸ್ಪತ್ರೆಯಲ್ಲಿದ್ದಾರೆ, ಪ್ರಾಣಕ್ಕೆ ಭಯವಿಲ್ಲವಂತೆ. ಉಳಿದ ನಕ್ಷೆಗಳು ಯಾರ್ಯಾರ ಮನೆಯಲ್ಲಿವೆಯೋ, ನಾಳೆ ಯಾರು ಹೊರಡುತ್ತಾರೋ.

ಆ ಕಲ್ಲಿನಾಚೆ ಕುರಿಯನ್ನೂ ಬಿಡಬಾರದೆಂದು ನೀನು ಹೇಳಿದ್ದೆ. "ಹಳೇ ಕಾಗದದಲ್ಲಿ ದಾರಿ ಇದೆಯಲ್ಲ? ಕುರಿ ಕಾಯೋರ ಮಾತನ್ನ ಅಚ್ಚು ಹಾಕ್ಸೋಕಾಗುತ್ತಾ?" ಎಂದಿದ್ದೆ ನಾನು. ನೀನು ಟೋಪಿ ಹಾಕಿಕೊಂಡು ಹೊರಗೆ ನಡೆದೆ.

ಆಸ್ಪತ್ರೆಯಲ್ಲಿ ಡೋರ್ಕಸ್ ಮಗ ಸೈಲಸ್ ಕೇಳಿದ, "ಆ ದಾರಿ ಸರಿಯಿದೆ ಅಂತ ನಿಂಗೆ ಹೇಳಿದ್ಯಾರು?"

"ನಮ್ಮಪ್ಪ," ಎಂದೆ.

ಅವನ ಮುಖ ಮೆತ್ತಗಾಯಿತು. "ಪಾಪ, ಸಾಯೋ ಹೊತ್ತಿಗೆ ಅವರಿಗೆ ಮರೆವು ಬಂದಿತ್ತೇನೋ. ಬಿಡು."

ನಾನು ಹೌದೆಂದು ತಲೆಯಾಡಿಸಿದೆ, ಅಪ್ಪ.