ಮೊದಲ ಚಮಚ

ಅಳಿಯಂದಿರಿಗೆ,

ಎಲೆ ಉದುರುವ ಕಾಲದ ಮನೆಯೂಟ ಈ ವರ್ಷವೂ ಇದೆ, ಬರುವ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ. ಅಪ್ಪ ಇಲ್ಲದ ಊಟ ಬೇಡವೆಂದು ಮಗಳು ಅತ್ತಳು. ನಾನು ಒಪ್ಪಲಿಲ್ಲ. ಮೇಜಿನ ಮೇಲೆ ಹಳದಿ ಎಲೆ ಹರಡಿ ನಡುವೆ ಕುಂಬಳಕಾಯಿ ಇಡುತ್ತೇನೆ. ಈ ಸಲ ಮೂರೇ ಕುರ್ಚಿ. ನೀವು ನಿಮ್ಮ ಮಾವನವರ ಕುರ್ಚಿಯಲ್ಲಿ ಕೂರಬೇಕು.

ಅಣಬೆ ಸೂಪು ನೀವೇ ಮಾಡಿ. ಮಾಡಿದವರು ಮೊದಲ ಚಮಚ ಕುಡಿಯುವುದು ನಮ್ಮ ಮನೆಯ ಪದ್ಧತಿ. ಹೋದ ವರ್ಷವೂ ಸೂಪು ಮಾಡಿದವರು ನೀವೇ, ಆದರೆ "ಹಲ್ಲುನೋವು ಅತ್ತೆ" ಎಂದು ತಪ್ಪಿಸಿಕೊಂಡಿರಿ. "ಅಳಿಯನ ಹಲ್ಲಿಗೆ ನನ್ನ ಹಲ್ಲೇ ಜಾಮೀನು ಕಣೇ" ಎಂದು ನನಗೆ ಹೇಳಿ ನಗುತ್ತಾ ನಿಮ್ಮ ಮಾವನವರು ಬಟ್ಟಲು ಬರಿದು ಮಾಡಿದರು. ನಾನು ಅಣಬೆ ಮುಟ್ಟುವವಳಲ್ಲ, ಅದು ನಿಮಗೆ ಗೊತ್ತಿತ್ತು. ಮಗಳ ಬಟ್ಟಲನ್ನು ನೀವೇ ಎಳೆದುಕೊಂಡು, "ನಿಂಗೆ ಅಣಬೆ ಆಗಲ್ಲ, ಬಿಡು" ಎಂದಿರಿ. ಅವಳು ಚಿಕ್ಕಂದಿನಿಂದ ಅಣಬೆ ತಿಂದೇ ಬೆಳೆದವಳು.

ನಾಲ್ಕನೆಯ ದಿನ ಅವರು ತೀರಿಕೊಂಡರು. ಹೊಟ್ಟೆ ಕೆಟ್ಟಿತ್ತು, ವಯಸ್ಸೂ ಆಗಿತ್ತು ಎಂದರು ಡಾಕ್ಟರು. ಐದನೆಯ ದಿನ ನೀವು ಅವರ ಬೇಕರಿಯ ಬೀಗದ ಕೈ ಕೇಳಿದಿರಿ. ನಾನು ಕೊಟ್ಟೆ.

ಅಣಬೆ ಹುಡುಕಿಕೊಂಡು ಕಾಡು ಅಲೆಯುವುದು ಬೇಡ. ಹೋದ ವರ್ಷ ನೀವು ಕಾಡಿನಿಂದ ತಂದ ಬುಟ್ಟಿಯ ತಳದಲ್ಲಿ ಉಳಿದಿದ್ದವನ್ನು ನಾನು ಅಂದೇ ದಾರಕ್ಕೆ ಪೋಣಿಸಿ ಒಣಗಿಸಿಟ್ಟಿದ್ದೇನೆ. ಒಂದೂ ಕೆಟ್ಟಿಲ್ಲ. ಅವನ್ನೇ ಹಾಕಿ ಸೂಪು ಮಾಡಿ, ಮಗಳ ಎದುರಿಗೆ ಮೊದಲ ಚಮಚ ಕುಡಿಯಿರಿ. ಕುಡಿಯದಿದ್ದರೆ ಏಕೆಂದು ಅವಳಿಗೆ ನೀವೇ ಹೇಳಬೇಕು.

ಹಲ್ಲಿನ ಡಾಕ್ಟರನ್ನು ಮೊದಲೇ ನೋಡಿಕೊಂಡು ಬನ್ನಿ.

ನಿಮ್ಮ ದಾರಿ ಕಾಯುವ,
ಅತ್ತೆ