ಆರು ದನಿಯ ಸವತಿ

ಹಿಂದಿನ ಕೋಣೆಯ ಯಜಮಾನರಿಗೆ,

ಹೆಡ್‌ಫೋನ್ ಹಾಕಿಕೊಂಡು ಕೂತವರನ್ನು ಕೂಗಿ ಕೂಗಿ ಗಂಟಲು ಒಣಗಿತು. ಅದಕ್ಕೇ ಈ ಕಾಗದ.

ನಲವತ್ತು ವರ್ಷದ ಹಳೇ ಸಿಂಥಸೈಜರ್ ಅನ್ನೋ ಕರೆಂಟಿನ ವಾದ್ಯ ತಂದಿರಿ. ಮುದುಕಿಯೇ ಬೇಕಿದ್ದರೆ ಮನೆಯಲ್ಲಿ ಒಬ್ಬಳು ಇದ್ದಳಲ್ಲ! ಅದರ ಮೈ ಒರೆಸಲು ಮೆತ್ತನೆಯ ಬಟ್ಟೆ ಹುಡುಕುತ್ತೀರಿ. ನನ್ನ ಬೆನ್ನಿಗೆ ಎಣ್ಣೆ ಹಚ್ಚಿ ಎಂದರೆ "ಆಮೇಲೆ ಕಣೇ" ಅನ್ನುತ್ತೀರಿ.

ಇವತ್ತು ನೀವು ಅದಕ್ಕೆ ವೈರು ತರಲು ಹೋದಾಗ ಹೆಡ್‌ಫೋನ್ ಕಿತ್ತು ನಾನೇ ಕೂತೆ. ಅಂಥದ್ದೇನಿದೆ ಅದರಲ್ಲಿ, ನೋಡಿಯೇಬಿಡೋಣ ಅಂತ. ಒಂದು ಗುಂಡಿಯನ್ನು ಸ್ವಲ್ಪ ತಿರುಗಿಸಿದರೆ ಕಂಬಳಿಯೊಳಗಿಂದ ಹಾಡಿದ ಹಾಗೆ, ಪೂರ್ತಿ ತಿರುಗಿಸಿದರೆ ತಗಡು ಕೊಯ್ದ ಹಾಗೆ. ಚೆನ್ನಾಗಿಲ್ಲ ಅನ್ನಲಾರೆ. ಹೊಟ್ಟೆ ಉರಿಯಿತು.

ಎಡಗಡೆಯ ದಪ್ಪ ದನಿಯಿಂದ ಶುರುಮಾಡಿ ಒಂದೊಂದೇ ಕೀ ಒತ್ತಿ ಹಿಡಿದೆ. ಆರು ಒಟ್ಟಿಗೆ ಹಾಡಿದವು. ಏಳನೆಯದನ್ನು ಒತ್ತಿದೊಡನೆ ಮೊದಲಿನ ದಪ್ಪ ದನಿ ನಿಂತೇಹೋಯಿತು. ನನ್ನ ಬೆರಳು ಇನ್ನೂ ಅದರ ಮೇಲೆಯೇ ಇತ್ತು. ಕೆಟ್ಟುಹೋಯಿತೆಂದು ಹೆದರಿ ಮೊಮ್ಮಗಳನ್ನು ಕರೆದೆ.

"ಕೆಟ್ಟಿಲ್ಲ ಅಜ್ಜಿ, ಇದಕ್ಕಿರೋದೇ ಆರು ದನಿ. ಹೊಸದು ಬಂದ್ರೆ ಎಲ್ಲಕ್ಕಿಂತ ಹಳೇದನ್ನ ಬಿಟ್ಬಿಡುತ್ತೆ" ಅಂದಳು.

ನಿಮಗೆ ತಕ್ಕ ಯಂತ್ರವನ್ನೇ ತಂದಿದ್ದೀರಿ.

ಅವಳು ಹೋದ ಮೇಲೆ ಬೆರಳೆತ್ತಿ ಆ ದಪ್ಪ ದನಿಯ ಕೀಯನ್ನು ಮತ್ತೊಮ್ಮೆ ಒತ್ತಿದೆ. ಮೊದಲಿನ ಹಾಗೇ ಹಾಡಿತು. ಸಿಟ್ಟೇನೂ ಇಟ್ಟುಕೊಂಡಿರಲಿಲ್ಲ.

ಎಣ್ಣೆ ಬಟ್ಟಲು ಕಿಟಕಿಯ ಹತ್ತಿರ ಇದೆ. ಕೈ ತೊಳೆದುಕೊಂಡು ಬನ್ನಿ.

ಇಂತಿ,
ನಿಮ್ಮ ಹಳೇ ದನಿ